ಕಾರಿನ ಕಂಪನಿ ಸ್ಟೀರಿಯೋ ಕೆಟ್ಟಿದೆ, ಹೊರಗಿನದು ಹಾಕಿಸಬಹುದಾ?

ಪ್ರಶ್ನೆ: ಸರ್, ನಾನು ಜಮಖಂಡಿ ಕಡೆಯ ಹೈಸ್ಕೂಲ್ ಶಿಕ್ಷಕ. ನಮ್ಮದು 2013ರ ಸಣ್ಣ ಡೀಸೆಲ್ ಕಾರು. ಸ್ಟೀರಿಂಗ್ ಮೇಲೆ ವಾಲ್ಯೂಮ್ ಬಟನ್ ಇವೆ, ಮುಂದೆ ಎರಡು ಏರ್‌ಬ್ಯಾಗ್ ಇವೆ. ಕಂಪನಿಯಿಂದಲೇ ಬಂದ ಸ್ಟೀರಿಯೋ ಹೋದ ಬೇಸಿಗೆಯಲ್ಲಿ ಆಗಾಗ ಡಿಸ್‌ಪ್ಲೇ ಆರಿ ಮತ್ತೆ ಬರುತ್ತಿತ್ತು. ಮಳೆಗಾಲದಲ್ಲಿ ಎಡಗಡೆ ಮುಂದಿನ ಸ್ಪೀಕರ್ ಒಮ್ಮೆ ಹಾಡಿದರೆ ಒಮ್ಮೆ ಸುಮ್ಮನಾಗುತ್ತಿತ್ತು. ಕಳೆದ ತಿಂಗಳು ಬ್ಯಾಟರಿ ಬದಲಿಸಿದೆವು, ಅಂದಿನಿಂದ ಸ್ಟೀರಿಯೋ ಪೂರ್ತಿ ಬಂದ್. ಶೋರೂಮಿನವರು ಹೊಸದಕ್ಕೆ 24 ಸಾವಿರ ಅಂದರು. ಪರಿಚಯದ ಅಂಗಡಿಯವರು ನೋಡಿ, "ಇದು ಹೋತ್ರಿ ಸರ, ಹತ್ತು ಇಂಚಿನ ಆಂಡ್ರಾಯ್ಡ್ ಹಾಕಿ ಕೊಡ್ತೀವಿ, 9,500 ಆಗ್ತದ" ಅಂದರು. ನಮ್ಮ ಭಾವ ಮಾತ್ರ ಬೇಡವೇ ಬೇಡ ಅನ್ನುತ್ತಾರೆ. ಕಂಪನಿ ವೈರ್ ಕತ್ತರಿಸಿದರೆ ಇಂಜಿನ್ ಕಂಪ್ಯೂಟರ್ ಹೋಗುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ, ಬ್ಯಾಟರಿ ದಿನಾ ಡೌನ್, ಬೆಂಕಿ ಹತ್ತಿದರೂ ಹತ್ತಿತು ಅನ್ನುವುದು ಅವರ ಮಾತು. ಅಪ್ಪಾರಿಗೆ ಮುಂಜಾನೆ ಧಾರವಾಡ ಆಕಾಶವಾಣಿ ಬೇಕೇ ಬೇಕು. ಹೊಸದರಲ್ಲಿ ಅದು ಬರುತ್ತದಾ? ಏನು ಮಾಡಲಿ?

ಉತ್ತರ: ಸರ್, ಹಾಕಿಸಬಹುದು. ನಿಮ್ಮ ಕಾರಿನ ವಯಸ್ಸಿಗೆ 24 ಸಾವಿರ ಕೊಟ್ಟು ಕಂಪನಿಯದೇ ಹಾಕಿಸಬೇಕು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಸ್ಕ್ರೀನಿನ ಇಂಚಿನ ಮೇಲಲ್ಲ, ಎಡಗಡೆ ಸ್ಪೀಕರಿನ ಮೇಲೆ. ವಿಜಯಪುರದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುತ್ತಾ ಬಂದವನಾಗಿ ಹೇಳುತ್ತೇನೆ: ಸ್ಟೀರಿಯೋ ಬದಲಿಸಿದ ಮೇಲೂ ಜನ ತೊಂದರೆ ಪಡುವುದು ಬಹುತೇಕ ಹಿಂದಿನ ವೈರಿನಿಂದ. ಮುಂದಿನ ಪೆಟ್ಟಿಗೆಯಿಂದ ಆಗುವ ತೊಂದರೆ ಕಮ್ಮಿ. ಹಾಗಾಗಿ ಯಾವ ಸೆಟ್ ಅನ್ನುವುದನ್ನು ಆಮೇಲೆ ನೋಡೋಣ. ಈಗಿರುವುದು ಯಾಕೆ ಸತ್ತಿತು, ಅದನ್ನು ಮೊದಲು ನೋಡಬೇಕು.

ನೀವು ಮೂರು ಲಕ್ಷಣ ಬರೆದಿದ್ದೀರಿ. ಅಂಗಡಿಯವರು ಮೂರಕ್ಕೂ ಒಂದೇ ಉತ್ತರ ಕೊಟ್ಟಿದ್ದಾರೆ. ನನಗೆ ಇವು ಮೂರೂ ಬೇರೆ ಬೇರೆ ಕಾಯಿಲೆ ಇರಬಹುದು ಅನ್ನಿಸುತ್ತದೆ.

ಬೇಸಿಗೆಯಲ್ಲಿ ಡಿಸ್‌ಪ್ಲೇ ಆರಿ ಬರುವುದು ಸೆಟ್ಟಿನ ಒಳಗಿನ ದೋಷ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ ನಲವತ್ತು ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಅದರ ಜೊತೆ ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳು ಓಡಾಡಿ ಕೆಟ್ಟ ರಸ್ತೆ. ಕಾಯುವುದು, ಆರುವುದು, ಕುಲುಕುವುದು, ಇಷ್ಟೇ ಸಾಕು ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲಿ ಸಣ್ಣ ಬಿರುಕು ಬೀಳಲಿಕ್ಕೆ. ಒಳ್ಳೆಯ ರಿಪೇರಿಯವರು ಅದನ್ನು ಮತ್ತೆ ಬೆಸುಗೆ ಹಾಕಿ ಸರಿ ಮಾಡುತ್ತಾರೆ.

ಬ್ಯಾಟರಿ ಬದಲಿಸಿದ ದಿನದಿಂದ ಬಂದ್ ಆಗಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಫ್ಯೂಸ್. ಟರ್ಮಿನಲ್ ಒಂದು ಕ್ಷಣ ಉಲ್ಟಾ ತಾಗಿದರೂ ಸೆಟ್ಟಿನ ರಕ್ಷಣೆಗಾಗಿ ಫ್ಯೂಸ್ ಹಾರುತ್ತದೆ, ಅದರ ಕೆಲಸವೇ ಅದು. ಎರಡು ಕಡೆ ನೋಡಿಸಿ. ಒಂದು ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್, ಇನ್ನೊಂದು ಸ್ಟೀರಿಯೋ ಬೆನ್ನಿಗೇ ಸಿಕ್ಕಿಸಿರುವ ಫ್ಯೂಸ್. ಬಹಳಷ್ಟು ಕಾರುಗಳಲ್ಲಿ ಸ್ಟೀರಿಯೋದ ಮೆಮೊರಿ ಲೈನೂ ಒಳಗಿನ ದೀಪವೂ ಒಂದೇ ಫ್ಯೂಸಿನಲ್ಲಿ ಇರುತ್ತವೆ. ಬಾಗಿಲು ತೆಗೆದಾಗ ಒಳಗಿನ ದೀಪ ಹತ್ತುತ್ತಾ ನೋಡಿ. ಹತ್ತದಿದ್ದರೆ ಹತ್ತು-ಇಪ್ಪತ್ತು ರೂಪಾಯಿಯ ಫ್ಯೂಸಿಗೆ ನಿಮ್ಮ ಸಮಸ್ಯೆ ಮುಗಿದರೂ ಮುಗಿಯಿತು.

ಇಲ್ಲೇ ಇನ್ನೊಂದು ಮಾತು, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ ಉಪಯೋಗ. ಹೋಂಡಾ, ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಎಷ್ಟೋ ಕಂಪನಿ ಸ್ಟೀರಿಯೋಗಳು ಬ್ಯಾಟರಿ ಬಿಚ್ಚಿದ ಮೇಲೆ ಕಳ್ಳತನದ ಭಯಕ್ಕೆ ತಾವೇ ಲಾಕ್ ಆಗುತ್ತವೆ. ಡಿಸ್‌ಪ್ಲೇ ಮೇಲೆ 'ಕೋಡ್' ಅಥವಾ 'ಸೇಫ್' ಅಂತ ಬರುತ್ತದೆ. ಅದು ಕೆಟ್ಟಿದ್ದಲ್ಲ. ಕಾರಿನ ಕಾಗದಪತ್ರದ ಜೊತೆ ಕೊಟ್ಟ ಕೋಡ್ ಒತ್ತಿದರೆ ಹಾಡುತ್ತದೆ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಸೆಟ್ ಬಿಚ್ಚಿಸಿ ಹಾಕಿದವರಿದ್ದಾರೆ. ನಿಮ್ಮದರಲ್ಲಿ ಅಕ್ಷರವೇ ಬರುತ್ತಿಲ್ಲ, ಹಾಗಾಗಿ ಕೋಡಿನ ವಿಷಯ ನಿಮಗೆ ಬೇಡ.

ಫ್ಯೂಸ್ ಸರಿ ಇದ್ದರೆ ಸೆಟ್ ಹೊರಗೆ ಎಳೆದು, ಅದರ ಹಿಂದಿನ ಕಪ್ಲರ್‌ನಲ್ಲಿ, ಅಂದರೆ ವೈರುಗಳೆಲ್ಲ ಸೇರುವ ಪ್ಲಗ್‌ನಲ್ಲಿ, ಮಲ್ಟಿಮೀಟರ್ ಇಟ್ಟು ನೋಡಬೇಕು. ಕೀ ತೆಗೆದಾಗಲೂ ಒಂದು ಪಿನ್ನಿನಲ್ಲಿ ಹನ್ನೆರಡೂವರೆ ವೋಲ್ಟ್ ಹತ್ತಿರ ಇರಬೇಕು. ಕೀ ಮೊದಲ ಹಂತಕ್ಕೆ ತಿರುಗಿಸಿದಾಗ ಇನ್ನೊಂದು ಪಿನ್ನಿಗೂ ಅಷ್ಟೇ ಬರಬೇಕು. ಅರ್ಥ್ ಚೆನ್ನಾಗಿರಬೇಕು. ಮೂರೂ ಇದ್ದು ಸೆಟ್ ಏಳದಿದ್ದರೆ ಮಾತ್ರ 'ಇದು ಹೋಯ್ತು' ಅನ್ನುವ ಮಾತಿಗೆ ಅರ್ಥ. ಐದು ನಿಮಿಷದ ಕೆಲಸ ಇದು. ಇಷ್ಟು ನೋಡದೆ ಹೋಯ್ತು ಅನ್ನುವವರ ಕೈಗೆ ಡ್ಯಾಶ್‌ಬೋರ್ಡ್ ಕೊಡಬೇಡಿ.

ಈಗ ಆ ಎಡಗಡೆ ಸ್ಪೀಕರ್. ಮಳೆಗಾಲದಲ್ಲಿ ಮಾತ್ರ, ಅದೂ ಒಂದೇ ಬಾಗಿಲಿನದು ತೊಂದರೆ ಕೊಟ್ಟಿದೆ. ಬಾಗಿಲು ಮತ್ತು ಕಾರಿನ ಬಾಡಿ ನಡುವೆ, ಕೀಲಿನ ಹತ್ತಿರ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತದೆ. ಸ್ಪೀಕರ್, ಪವರ್ ವಿಂಡೋ, ಲಾಕ್ ಎಲ್ಲದರ ವೈರ್ ಅದರೊಳಗೆ ಹಾದು ಹೋಗುತ್ತವೆ. ಬಾಗಿಲು ತೆಗೆದು ಮುಚ್ಚಿದಾಗೆಲ್ಲ ಅಲ್ಲಿ ವೈರ್ ಮಡಚಿ ಬಿಚ್ಚುತ್ತದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಅಲ್ಲಿ ವೈರಿನ ಮೇಲಿನ ಪ್ಲಾಸ್ಟಿಕ್ ಸೀಳಿ ತಾಮ್ರ ಕಾಣುವುದು ತೀರಾ ಸಾಮಾನ್ಯ. ನೀರು ಇಳಿದಾಗ, ಇಲ್ಲವೇ ತಾಮ್ರ ತಗಡಿಗೆ ತಾಗಿದಾಗ ಶಾರ್ಟ್ ಆಗುತ್ತದೆ.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಕಾರಿನ ಸ್ಟೀರಿಯೋದಲ್ಲಿ ಸ್ಪೀಕರಿನ ಮೈನಸ್ ವೈರ್ ಅರ್ಥ್ ಅಲ್ಲ. ಎರಡೂ ವೈರಿನಲ್ಲಿ ಬ್ಯಾಟರಿಯ ಸುಮಾರು ಅರ್ಧದಷ್ಟು ವೋಲ್ಟೇಜ್ ಸದಾ ನಿಂತಿರುತ್ತದೆ. ಎರಡರ ನಡುವಿನ ಏರಿಳಿತದಿಂದ ಸ್ಪೀಕರ್ ನುಡಿಯುತ್ತದೆ. ಅವುಗಳಲ್ಲಿ ಯಾವ ಒಂದು ತಗಡಿಗೆ ತಾಗಿದರೂ ಒಳಗಿನ ಆಂಪ್ಲಿಫೈಯರ್ ಐಸಿ, ಅಂದರೆ ದನಿ ದೊಡ್ಡದು ಮಾಡುವ ಚಿಪ್, ನರಳುತ್ತದೆ. ಒಳ್ಳೆಯ ಐಸಿ ಆದರೆ ತನ್ನನ್ನು ತಾನೇ ಬಂದ್ ಮಾಡಿಕೊಂಡು ಬದುಕುತ್ತದೆ, ಪದೇ ಪದೇ ಆದರೆ ಸುಡುತ್ತದೆ. ನಿಮ್ಮ ಹಳೆ ಸೆಟ್ಟಿಗೆ ಹಾಗೇನಾದರೂ ಆಗಿದ್ದರೆ, ಅದೇ ವೈರಿಗೆ ಹೊಸ ಆಂಡ್ರಾಯ್ಡ್ ಸೇರಿಸಿದಾಗ ಅದಕ್ಕೂ ಅದೇ ಗತಿ. ಆಗ ಅಂಗಡಿಯವರು "ಪೀಸ್ ಡಿಫೆಕ್ಟ್" ಅನ್ನುತ್ತಾರೆ, ನೀವು "ಹೊರಗಿನ ಮಾಲು ಹಿಂಗೇ" ಅನ್ನುತ್ತೀರಿ. ತಪ್ಪು ಬಾಗಿಲಿನಲ್ಲಿ ಹಾಗೇ ಉಳಿದಿರುತ್ತದೆ.

ಪರೀಕ್ಷೆ ಸುಲಭ. ಕಪ್ಲರ್ ಬಿಚ್ಚಿದ ಮೇಲೆ ಎಡ ಮುಂದಿನ ಸ್ಪೀಕರಿನ ಎರಡು ಪಿನ್ನಿನ ನಡುವೆ ಮೀಟರ್ ಇಟ್ಟರೆ 3ರಿಂದ 4 ಓಮ್ ತೋರಿಸಬೇಕು. ಆಮೇಲೆ ಮೀಟರಿನ ಒಂದು ತುದಿ ಅದೇ ಪಿನ್ನಿಗೆ, ಇನ್ನೊಂದು ತುದಿ ಕಾರಿನ ಬಾಡಿಗೆ. ಇಲ್ಲಿ ಏನೂ ತೋರಿಸಬಾರದು. ಮೀಟರ್ ಹಿಡಿದಿಟ್ಟುಕೊಂಡೇ ಒಬ್ಬರ ಕೈಲಿ ಬಾಗಿಲನ್ನು ನಿಧಾನಕ್ಕೆ ತೆಗೆದು ಮುಚ್ಚಿಸಿ. ಬಾಗಿಲು ಅರ್ಧಕ್ಕೆ ಬಂದಾಗ ಅಂಕಿ ಕುಣಿದರೆ ಕಳ್ಳ ಸಿಕ್ಕ ಹಾಗೆ. ಮೀಟರ್ ಇಲ್ಲದಿದ್ದರೆ ಒಂದು ಪೆನ್ಸಿಲ್ ಸೆಲ್ ಸಾಕು. ಅದರ ಎರಡು ತುದಿಯನ್ನು ಸ್ಪೀಕರ್ ವೈರುಗಳಿಗೆ ಕ್ಷಣ ಮಾತ್ರ ತಾಗಿಸಿದರೆ ಬಾಗಿಲಿನಲ್ಲಿ 'ಟಕ್' ಅನ್ನಬೇಕು. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ತಾಗಿದ್ದರೆ ಸ್ಪೀಕರಿನ ಕಾಗದ ಹೊರಗೆ ಉಬ್ಬುತ್ತದೆ. ಉಲ್ಟಾ ಇದ್ದರೆ ಒಳಗೆ ಹೋಗುತ್ತದೆ. ಎಡ ಬಲ ಸ್ಪೀಕರಿನಲ್ಲಿ ಒಂದಕ್ಕೆ ಮಾತ್ರ ಪ್ಲಸ್ ಮೈನಸ್ ಅದಲು ಬದಲಾಗಿದ್ದರೆ ಹಾಡಿನ ದಪ್ಪ ದನಿ ತೆಳ್ಳಗಾಗಿಬಿಡುತ್ತದೆ. 'ಹೊಸ ಸಿಸ್ಟಮ್‌ನಲ್ಲಿ ಬೇಸ್ ಇಲ್ಲ' ಅನ್ನುವ ಎಷ್ಟೋ ದೂರಿನ ಕಾರಣ ಇದೇ.

ಇನ್ನು ನಿಮ್ಮ ಭಾವನವರ ಭಯಗಳು. ಅವರ ಮಾತನ್ನು ತಳ್ಳಿ ಹಾಕಬೇಡಿ, ಅರ್ಧ ಸರಿ ಇದೆ.

ಇಂಜಿನ್ ಕಂಪ್ಯೂಟರ್ ಹೋಗುತ್ತದೆ ಅನ್ನುವುದು ನಿಮ್ಮಂಥ ಕಾರಿಗೆ ಸಲ್ಲದು. 2013ರ ಸಣ್ಣ ಕಾರಿನ ಸ್ಟೀರಿಯೋಗೆ ಕರೆಂಟು, ಅರ್ಥ್, ಸ್ಪೀಕರ್, ಸ್ಟೀರಿಂಗ್ ಬಟನ್, ರಾತ್ರಿ ಬೆಳಕಿನ ಲೈನ್, ಇಷ್ಟೇ ಬರುವುದು ರೂಢಿ. ಇಂಜಿನ್ನಿನ ದಾರಿಯೇ ಬೇರೆ. ಹೊಸ ಕಾರುಗಳ ಕತೆ ಮಾತ್ರ ಬೇರೆ. ಅವುಗಳಲ್ಲಿ ಎಸಿಯ ಸೆಟ್ಟಿಂಗ್, ರಿವರ್ಸ್ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್, ಬಾಗಿಲ ಲಾಕ್ ಹೇಗಿರಬೇಕು ಅನ್ನುವುದೆಲ್ಲ ಕಂಪನಿ ಸ್ಕ್ರೀನಿನ ಒಳಗೇ ಇರುತ್ತವೆ. ಸ್ಟೀರಿಯೋ ಉಳಿದ ಕಂಪ್ಯೂಟರುಗಳ ಜೊತೆ ಕ್ಯಾನ್ ಬಸ್ ಅನ್ನುವ ಎರಡು ವೈರಿನಲ್ಲಿ ಮಾತಾಡುತ್ತಿರುತ್ತದೆ. ಅದನ್ನು ಕಿತ್ತರೆ ಸ್ಪೀಡೋಮೀಟರ್ ಇರುವ ಫಲಕದ ಮೇಲೆ ಎರರ್ ಬರಬಹುದು, ಕೆಲವು ಸೌಲಭ್ಯ ಹೋಗಬಹುದು. ಆ ಮಾತು ಹೊಸ ಸೆಟ್ಟಿಗೆ ತಿಳಿಯುವಂತೆ ಮಾಡಲು ಆ ಕಾರಿಗೆ ಅಂತಲೇ ಇರುವ ಕ್ಯಾನ್ ಬಸ್ ಡಿಕೋಡರ್ ಬೇಕು. ಅಂಥ ಕಾರು ವಾರಂಟಿಯಲ್ಲಿದ್ದರೆ ನಾನಂತೂ ಮುಟ್ಟಬೇಡಿ ಅನ್ನುತ್ತೇನೆ. ಹೊರಗಿನ ಫಿಟ್ಟಿಂಗ್‌ನಿಂದ ಆದ ನಷ್ಟಕ್ಕೆ ಕಂಪನಿ ಹೊಣೆ ಹೊರುವುದಿಲ್ಲ. ನಿಮ್ಮ ಕಾರಿನ ವಾರಂಟಿ ಎಂದೋ ಮುಗಿದಿದೆ, ಆ ಚಿಂತೆ ಬಿಡಿ.

ಏರ್‌ಬ್ಯಾಗ್ ವಿಷಯದಲ್ಲಿ ಭಾವನವರ ಎಚ್ಚರಿಕೆ ಸರಿ. ಆದರೆ ಅಪಾಯ ಸ್ಟೀರಿಯೋದಿಂದ ಬರುವುದಿಲ್ಲ, ಕೈ ಎಲ್ಲಿ ಹೋಗುತ್ತದೆ ಅನ್ನುವುದರಿಂದ ಬರುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕೊಳವೆ ಅಥವಾ ಹಳದಿ ಕಪ್ಲರ್ ಇರುವ ವೈರ್ ಏರ್‌ಬ್ಯಾಗಿನದು. ಅದನ್ನು ಬಿಚ್ಚುವುದಿರಲಿ, ಟೆಸ್ಟ್ ಲ್ಯಾಂಪ್ ಸಹ ಚುಚ್ಚಬಾರದು. ಕೆಲಸ ಶುರು ಮಾಡುವ ಮೊದಲು ಕೀ ತೆಗೆದು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಮೀಟರ್ ಹಚ್ಚಿ ನೋಡುವಾಗ ಮಾತ್ರ ಮತ್ತೆ ಜೋಡಿಸಿದರೆ ಸಾಕು. ಏರ್‌ಬ್ಯಾಗ್ ವೈರ್ ಬಿಚ್ಚಿಕೊಂಡಿರುವಾಗ ಯಾರಾದರೂ ಕೀ ಹಾಕಿದರೆ ಸ್ಪೀಡೋಮೀಟರ್ ಫಲಕದಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಹಾಗೇ ಉಳಿಯಬಹುದು. ದೀಪ ಉಳಿದಿದೆ ಅಂದರೆ ಏರ್‌ಬ್ಯಾಗ್ ಕೆಲಸ ಮಾಡುವುದಿಲ್ಲ ಅಂತಲೇ ತಿಳಿಯಿರಿ. ಸ್ಟೀರಿಂಗ್ ಬಟನ್ ಇಲ್ಲದ ಕಾರಿಗೆ ಹೊಸದಾಗಿ ಬಟನ್ ಕೂರಿಸಿ ಕೊಡುತ್ತೇವೆ ಅಂತ ಕೆಲವರು ಚಕ್ರದ ನಡುವಿನ ಪ್ಯಾಡ್ ಬಿಚ್ಚುತ್ತಾರೆ. ಆ ಪ್ಯಾಡೇ ಏರ್‌ಬ್ಯಾಗ್. ವಾಲ್ಯೂಮ್ ಬಟನ್ನಿನ ಆಸೆಗೆ ಅದನ್ನು ಮುಟ್ಟಿಸಬೇಡಿ, ಯಾರೇ ಹೇಳಲಿ.

ನಿಮ್ಮ ಕಾರಿನಲ್ಲಿ ಬಟನ್ ಮೊದಲೇ ಇವೆಯಲ್ಲ, ಚಕ್ರ ಬಿಚ್ಚುವ ಪ್ರಮೇಯವೇ ಇಲ್ಲ. ಬಟನ್ನಿನ ವೈರ್ ಸ್ಟೀರಿಯೋ ಕಪ್ಲರ್‌ವರೆಗೆ ಬಂದಿರುತ್ತದೆ. ಇಂಥ ಕಾರುಗಳಲ್ಲಿ ಒಂದೊಂದು ಬಟನ್ ಒತ್ತಿದಾಗ ಒಂದೊಂದು ಬೇರೆ ರೆಸಿಸ್ಟೆನ್ಸ್ ಬರುತ್ತದೆ, ಅಷ್ಟೇ. ಹೊಸ ಸೆಟ್ಟಿನ 'ಕೀ 1', 'ಕೀ 2' ಅಂತ ಬರೆದ ವೈರಿಗೆ ಅವನ್ನು ಸೇರಿಸಿ, ಸೆಟ್ಟಿನ ಮೆನುವಿನಲ್ಲಿ ಒಂದೊಂದಾಗಿ ಕಲಿಸಬೇಕು. ಬರುವುದಿಲ್ಲ ಅನ್ನುವ ಅಂಗಡಿಯವರಿಗೆ ಮಾಡುವ ತಾಳ್ಮೆ ಇಲ್ಲ ಅಂತ ಅರ್ಥ.

ಬೆಂಕಿಯ ಮಾತು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಂಪನಿ ವೈರ್ ಕತ್ತರಿಸಿ, ಎರಡು ತುದಿ ಕೈಯಲ್ಲಿ ಹೊಸೆದು, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಒಳಗೆ ತುರುಕುವುದು ನಮ್ಮ ಊರುಗಳಲ್ಲಿ ದಿನಾ ನಡೆಯುತ್ತದೆ. ಆ ಟೇಪಿನ ಅಂಟು ಎರಡು ಬೇಸಿಗೆ ಕಂಡರೆ ಕರಗಿ ಜಾರುತ್ತದೆ. ಬಿಚ್ಚಿ ನೋಡಿದರೆ ಕೈಗೆ ಕಪ್ಪು ಅಂಟು ಹತ್ತುತ್ತದೆ, ತಾಮ್ರ ಬರಿ ಮೈಯಲ್ಲಿ ನಿಂತಿರುತ್ತದೆ. ಫ್ಯೂಸ್ ಹಾರಿದಾಗ 15 ಆಂಪಿಯರ್ ಜಾಗಕ್ಕೆ 30 ಹಾಕುವವರಿದ್ದಾರೆ, ಬೆಳ್ಳಿ ಕಾಗದ ಸುತ್ತುವವರೂ ಇದ್ದಾರೆ. ಬೆಂಕಿ ಹುಟ್ಟುವುದು ಈ ಎರಡೂ ಒಟ್ಟಿಗೆ ಸೇರಿದಾಗ. ಕತ್ತರಿಸುವ ಅಗತ್ಯವೇ ಇಲ್ಲ ಸರ್. ನಿಮ್ಮ ಕಾರಿನ ಮಾಡೆಲ್ಲಿಗೆ ಸರಿಯಾಗುವ ಕಪ್ಲರ್ ಸಿಗುತ್ತದೆ. ಒಂದು ತುದಿ ಕಂಪನಿ ಸಾಕೆಟ್ಟಿಗೆ, ಇನ್ನೊಂದು ತುದಿ ಹೊಸ ಸೆಟ್ಟಿಗೆ. ಸ್ಕ್ರೀನಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ವಿಜಯಪುರದಲ್ಲಿ ಇಲ್ಲದಿದ್ದರೆ ಬೆಳಗಾವಿಯಿಂದಲೋ ಸೊಲ್ಲಾಪುರದಿಂದಲೋ ಎರಡು ದಿನದಲ್ಲಿ ತರಿಸಿಕೊಡುತ್ತಾರೆ. ಆ ಎರಡು ದಿನ ಕಾಯಿರಿ. ಎಲ್ಲಾದರೂ ಜಾಯಿಂಟ್ ಮಾಡಲೇಬೇಕಾದರೆ ಬೆಸುಗೆ ಹಾಕಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಹಾಕಿಸಿ.

ಬ್ಯಾಟರಿ ಡೌನ್ ಆಗುವುದು ನಿಜ, ಆದರೆ ಕಾರಣ ತಪ್ಪು ವೈರ್. ಹೊರಗಿನ ಸೆಟ್ಟಿನಲ್ಲಿ ಹಳದಿ ವೈರ್ ಬ್ಯಾಟರಿಯಿಂದ ನೇರ ಬರುವ ಲೈನಿಗೆ, ಕೆಂಪು ವೈರ್ ಕೀ ತಿರುಗಿಸಿದಾಗ ಬರುವ ಲೈನಿಗೆ, ಕಪ್ಪು ಅರ್ಥಿಗೆ. ಹಳದಿ ಕೆಂಪು ಅದಲು ಬದಲಾದರೆ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್, ಬ್ಲೂಟೂತ್ ಎಲ್ಲ ಮರೆತುಹೋಗುತ್ತವೆ. ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟರೆ ಸೆಟ್ ಮಲಗುವುದೇ ಇಲ್ಲ. ಲೆಕ್ಕ ನೋಡಿ. ಕಾರು ನಿಂತಾಗ ಒಟ್ಟು 50 ಮಿಲಿ ಆಂಪಿಯರ್ ಒಳಗೆ ಎಳೆದರೆ ಚಿಂತೆ ಇಲ್ಲ, ದಿನಕ್ಕೆ 1.2 ಆಂಪಿಯರ್ ಅವರ್ ಮಾತ್ರ. ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 12. ನಿಮ್ಮ ಬ್ಯಾಟರಿ 45 ಆಂಪಿಯರ್ ಅವರಿನದು ಅಂತ ಇಟ್ಟುಕೊಂಡರೆ ಎರಡು ದಿನಕ್ಕೆ ಅರ್ಧ ಖಾಲಿ. ಡೀಸೆಲ್ ಇಂಜಿನ್ ಎಬ್ಬಿಸಲು ಜಾಸ್ತಿ ಕರೆಂಟು ಬೇಕು, ಮೂರನೇ ದಿನ ಮುಂಜಾನೆ 'ಟಕ ಟಕ' ಅಂದು ನಿಂತುಬಿಡುತ್ತದೆ. ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಇನ್ನೊಂದಿದೆ. ಬೇಗ ಆನ್ ಆಗಲಿ ಅಂತ ಅವು ಕೀ ತೆಗೆದ ಮೇಲೂ ಅರೆ ಎಚ್ಚರದಲ್ಲಿ ಇರುತ್ತವೆ. ಸೆಟ್ಟಿಂಗ್‌ನಲ್ಲಿ ಪೂರ್ತಿ ಬಂದ್ ಆಗುವ ಸಮಯ ಇಡುವ ಅವಕಾಶ ಬಹಳಷ್ಟರಲ್ಲಿ ಇದೆ, ಅದನ್ನು ಕಡಿಮೆ ಇಡಿಸಿ. ವಾರಗಟ್ಟಲೆ ಕಾರು ತೆಗೆಯದವರಿಗೆ ಇದು ತುಂಬಾ ಮುಖ್ಯ.

ಡಬ್ಬಿಯ ಮೇಲಿನ '50 ವ್ಯಾಟ್ x 4' ನೋಡಿ ಕಂಪನಿ ವೈರ್ ತಡೆಯುವುದಿಲ್ಲ ಅಂತ ಹೆದರುವವರೂ ಇದ್ದಾರೆ, ಹಿಗ್ಗುವವರೂ ಇದ್ದಾರೆ. ಎರಡೂ ಬೇಡ. ಇಂಜಿನ್ ಓಡುವಾಗ ಸುಮಾರು 14.4 ವೋಲ್ಟ್ ಸಿಗುತ್ತದೆ, ಸ್ಪೀಕರ್ 4 ಓಮಿನದು. ಆ ವೋಲ್ಟೇಜಿನಲ್ಲಿ ಒಂದು ಸ್ಪೀಕರಿಗೆ ಒಡೆಯದ ಸ್ವಚ್ಛ ದನಿ ಹೆಚ್ಚೆಂದರೆ 26 ವ್ಯಾಟ್, ನಿಜದಲ್ಲಿ 20ರ ಆಸುಪಾಸು. ಸೆಟ್ಟಿನ ಬೆನ್ನಿಗೆ 10 ಆಂಪಿಯರ್ ಫ್ಯೂಸ್ ಇದ್ದರೆ ಅದು ಒಳಗೆ ಬಿಡುವುದೇ 144 ವ್ಯಾಟ್, ಅದರಲ್ಲಿ ಶಾಖವಾಗಿ ಹೋಗುವುದೂ ಸೇರಿದೆ. 200 ವ್ಯಾಟ್ ಹೊರಗೆ ಎಲ್ಲಿಂದ ಬರಬೇಕು? ಕಂಪನಿ ವೈರ್ ಧಾರಾಳವಾಗಿ ಸಾಕು. ಸಬ್‌ವೂಫರ್, ಬೇರೆ ಆಂಪ್ಲಿಫೈಯರ್ ಹಾಕುವುದಾದರೆ ಮಾತ್ರ ಬ್ಯಾಟರಿಯಿಂದಲೇ ದಪ್ಪ ವೈರ್, ಬ್ಯಾಟರಿ ಪಕ್ಕದಲ್ಲೇ ಅದರದೇ ಫ್ಯೂಸ್ ಬೇಕು.

ಈಗ ಅಪ್ಪಾರ ರೇಡಿಯೋ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ, ಮನೆಗೆ ಹೋದ ಮೇಲೆ ಹಿರಿಯರು ಬೇಜಾರಾಗುತ್ತಾರೆ.

ಧಾರವಾಡ ಆಕಾಶವಾಣಿ ಬರುವುದು ಮೀಡಿಯಂ ವೇವ್‌ನಲ್ಲಿ, 765 ಕಿಲೋಹರ್ಟ್ಜ್. ಅಂದರೆ ಎಎಂ. ಎಎಂ ಅಲೆ ನೆಲ ಹಿಡಿದು ದೂರ ಹೋಗುತ್ತದೆ, ಅದಕ್ಕೇ ಜಮಖಂಡಿಯಲ್ಲೂ ಧಾರವಾಡ ಸಿಗುತ್ತದೆ. ಎಫ್‌ಎಂ ಹಾಗಲ್ಲ, ಟವರಿನಿಂದ ನೇರ ನೋಟದ ದೂರಕ್ಕೆ ಅಷ್ಟೇ. ವಿಜಯಪುರ ಬಿಟ್ಟು ದೂರ ಹೋದಂತೆ ಎಫ್‌ಎಂ ಕರಕರ ಅನ್ನುವುದು ಅದಕ್ಕೇ. ಅಗ್ಗದ ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಕೆಲವಕ್ಕೆ ಎಎಂ ಇಲ್ಲವೇ ಇಲ್ಲ. ಇದ್ದರೂ ಅವುಗಳ ಒಳಗಿನ ಸರ್ಕ್ಯೂಟಿನ ಗದ್ದಲವೇ ಸ್ಟೇಷನ್ನನ್ನು ನುಂಗುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯ ಡೆಮೋ ಬೋರ್ಡಿನ ಮೇಲೆ ನೋಡಿ ಸುಮ್ಮನಾಗಬೇಡಿ. ಬೇರೆ ಯಾವುದಾದರೂ ಕಾರಿಗೆ ಹಾಕಿದ ಅದೇ ಮಾಡೆಲ್ಲಿನಲ್ಲಿ, ಇಂಜಿನ್ ಓಡುತ್ತಿರುವಾಗ ಧಾರವಾಡ ಹಚ್ಚಿ ಕೇಳಿ.

ಎಎಂ ಇದ್ದೂ 765 ಸಿಗದೇ ಹೋಗುವ ಒಂದು ವಿಚಿತ್ರ ಕಾರಣವಿದೆ. ನಮ್ಮ ದೇಶದಲ್ಲಿ ಎಎಂ ಸ್ಟೇಷನ್ನುಗಳು 9 ಕಿಲೋಹರ್ಟ್ಜ್ ಅಂತರದಲ್ಲಿ ಇರುತ್ತವೆ. 765 ಅಂದರೆ 9ರ 85 ಪಟ್ಟು, ಸರಿಯಾಗಿ ಕೂರುತ್ತದೆ. ಅಮೆರಿಕದಲ್ಲಿ ಅಂತರ 10. ಸೆಟ್ಟಿನ 'ರೇಡಿಯೋ ರೀಜನ್' ಅಮೆರಿಕಕ್ಕೆ ಇದ್ದರೆ ಅದು 760 ಬಿಟ್ಟರೆ ನೇರ 770ಕ್ಕೆ ಜಿಗಿಯುತ್ತದೆ, ಧಾರವಾಡ ನಡುವೆ ಕಳೆದುಹೋಗುತ್ತದೆ. ಎಫ್‌ಎಂನಲ್ಲೂ ಅಷ್ಟೇ, ಅಮೆರಿಕ ರೀಜನ್‌ನಲ್ಲಿ ಬಿಂದುವಿನ ಮುಂದೆ ಬೆಸ ಸಂಖ್ಯೆ ಮಾತ್ರ ಬರುತ್ತದೆ. ಮೆನುವಿನಲ್ಲಿ ಏಷ್ಯಾ ಅಥವಾ ಯುರೋಪ್ ಆಯ್ದರೆ ಸರಿ ಹೋಗುತ್ತದೆ. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅಲ್ಲಿಯ ಎಫ್‌ಎಂ 76ರಿಂದ ಶುರುವಾಗುತ್ತದೆ, ಹಳೆಯವು 90ಕ್ಕೇ ನಿಲ್ಲುತ್ತವೆ.

ಆಂಟೆನಾ ಬಗ್ಗೆಯೂ ಹೇಳಿಬಿಡುತ್ತೇನೆ. ಕಾರಿನ ಮಾಡಿನ ಮೇಲಿನ ಗಿಡ್ಡ ಆಂಟೆನಾದ ಬುಡದಲ್ಲಿ ಎಷ್ಟೋ ಕಾರಿನಲ್ಲಿ ಸಣ್ಣ ಬೂಸ್ಟರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಬೇಕು. ಹೊಸ ಸೆಟ್ಟಿನ ನೀಲಿ ವೈರ್ ಇರುವುದು ಇದಕ್ಕೇ. ಅದನ್ನು ಸೇರಿಸದೆ ಬಿಟ್ಟರೆ 'ಹೊಸ ಸೆಟ್ಟಿಗೆ ರೇಡಿಯೋ ಹಿಡಿಯಲ್ಲ' ಅನ್ನುವ ದೂರು ಗ್ಯಾರಂಟಿ. ಎಎಂನಲ್ಲಿ ಗುಂಯ್ ಅಂದರೆ ಸಿಗರೇಟ್ ಲೈಟರ್ ಜಾಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಅರ್ಧ ಗದ್ದಲ ಅದರದೇ ಇರುತ್ತದೆ. ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲೂ ಧಾರವಾಡ ಕೇಂದ್ರ ಬರುತ್ತದೆ, ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಕಬಹುದು. ಆದರೆ ಹೊಲದ ದಾರಿಯಲ್ಲಿ ನೆಟ್‌ವರ್ಕ್ ಹೋದರೆ ಅದೂ ಹೋಯ್ತು. ಬಟನ್ ಒತ್ತಿದರೆ ಹಾಡುವ ರೇಡಿಯೋದ ಸುಖ ಹಿರಿಯರಿಗೆ ಅದರಲ್ಲಿ ಸಿಗುವುದಿಲ್ಲ.

ಹಾಗಾದರೆ ಏನು ಹಾಕಿಸುವುದು? ಮೇಲಿನ ಪರೀಕ್ಷೆ ಎಲ್ಲ ಮುಗಿದು ಸೆಟ್ಟೇ ಕೆಟ್ಟಿದೆ ಅಂತ ಖಚಿತವಾದರೆ, ನಿಮ್ಮ ವಿಷಯದಲ್ಲಿ ನನ್ನ ಮೊದಲ ಆಯ್ಕೆ ರಿಪೇರಿ. ಆಂಪ್ಲಿಫೈಯರ್ ಐಸಿ, ಕೆಪಾಸಿಟರ್, ಬೆಸುಗೆ, ಇವೆಲ್ಲ ಬದಲಿಸಬಹುದಾದ ಸಾಮಾನು. ಎಎಂ ಚೆನ್ನಾಗಿ ಹಿಡಿಯುತ್ತಿದ್ದ ಸೆಟ್ ಅದು, ಬಟನ್, ಫ್ರೇಮ್, ಆಂಟೆನಾ ಯಾವುದನ್ನೂ ಮುಟ್ಟಬೇಕಿಲ್ಲ. ಹಳೆ ರೇಡಿಯೋ, ಟಿವಿ ರಿಪೇರಿ ಮಾಡುವ ನುರಿತ ಕೈಗಳು ಬೆಳಗಾವಿ, ವಿಜಯಪುರದಲ್ಲಿ ಇನ್ನೂ ಇವೆ. ಮುಖ್ಯ ಬೋರ್ಡಿನ ಪ್ರೊಸೆಸರ್ ಹೋಗಿದ್ದರೆ ಮಾತ್ರ ದುಡ್ಡು ಸುರಿಯಬೇಡಿ. ಗುಜರಿಯಿಂದ ಅದೇ ಮಾಡೆಲ್ ಸೆಟ್ ತರುವವರೂ ಇದ್ದಾರೆ. ಬಿಲ್ ಇಲ್ಲದೆ ತರಬೇಡಿ, ಕದ್ದ ಮಾಲು ಇರಬಹುದು. ಕೋಡ್ ಕೇಳುವ ಸೆಟ್ ಆದರೆ ಅದನ್ನು ತೆರೆಯುವುದೇ ದೊಡ್ಡ ಪಾಡು.

ರಿಪೇರಿ ಆಗದಿದ್ದರೆ ಹೆಸರುವಾಸಿ ಕಂಪನಿಯ ಏಳು ಇಂಚಿನ ಡಬಲ್ ಡಿನ್ ಸೆಟ್ ನೋಡಿ. ಫೋನ್ ಸೇರಿಸಿದರೆ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಬರುವಂಥದ್ದು, ಎಎಂ ಇರುವಂಥದ್ದು. ಮ್ಯಾಪ್, ಹಾಡು ಎಲ್ಲ ಫೋನಿನಿಂದಲೇ ನಡೆಯುವುದರಿಂದ ಸೆಟ್ ಹಳತಾಗುವ ಚಿಂತೆ ಕಮ್ಮಿ. ಡಬಲ್ ಡಿನ್ ಅಂದರೆ 180 ಮಿಲಿಮೀಟರ್ ಅಗಲ, 100 ಎತ್ತರ. ಸಿಂಗಲ್ ಡಿನ್ ಎತ್ತರ ಅದರ ಅರ್ಧ. ಕೆಲವು ಟೊಯೋಟಾ ಕಾರಿನ ಕಿಂಡಿ 200 ಮಿಲಿಮೀಟರ್ ಅಗಲ, ಬದಿಯಲ್ಲಿ ಪಟ್ಟಿ ಬೇಕಾಗುತ್ತದೆ. ನಿಮ್ಮ ಕಾರಿನ ಸೆಟ್ ಡ್ಯಾಶ್‌ಬೋರ್ಡ್ ಆಕಾರಕ್ಕೇ ಅಚ್ಚು ಹಾಕಿದ್ದಾದರೆ ನಿಮ್ಮ ಮಾಡೆಲ್ಲಿನ ಫ್ರೇಮ್ ಬೇಕು. ಡ್ಯಾಶ್‌ಬೋರ್ಡ್ ಕೆತ್ತಿ ಕೂರಿಸುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹತ್ತು ಇಂಚಿನ ಅಗ್ಗದ ಆಂಡ್ರಾಯ್ಡ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನನಗೆ ಇಷ್ಟವಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ನಿಧಾನವಾಗುತ್ತವೆ, 2 ಜಿಬಿ ರ‍್ಯಾಮಿನದು ಒಂದೆರಡು ವರ್ಷಕ್ಕೆ ತೊದಲುತ್ತದೆ, ಡಬ್ಬಿಯ ಮೇಲೆ ಬರೆದ ರ‍್ಯಾಮ್ ಒಳಗೆ ಇರುವುದೂ ಖಾತ್ರಿ ಇಲ್ಲ. ಕೆಲವು ಕಾರಿನಲ್ಲಿ ಅಷ್ಟು ದೊಡ್ಡ ಸ್ಕ್ರೀನ್ ಎಸಿ ಕಿಂಡಿಯನ್ನೋ ಹಜಾರ್ಡ್ ಬಟನ್ನನ್ನೋ ಮರೆ ಮಾಡುತ್ತದೆ. ವಾಲ್ಯೂಮ್‌ಗೆ ತಿರುಗಿಸುವ ಗುಂಡಿಯೇ ಇರುವುದಿಲ್ಲ, ಟ್ರಾಲಿ ಎದುರು ಬರುವಾಗ ಕಣ್ಣು ಸ್ಕ್ರೀನಿಗೆ ಹೋಗುತ್ತದೆ. ಮಕ್ಕಳು ವಿಡಿಯೋ ಕೇಳುತ್ತಾರೆ ಅಂತ ಹ್ಯಾಂಡ್‌ಬ್ರೇಕ್ ವೈರನ್ನು ಅರ್ಥಿಗೆ ಕಟ್ಟಿ ಕೊಡುವುದು ವಾಡಿಕೆಯಾಗಿದೆ. ಆ ವೈರ್ ಇರುವುದೇ ಕಾರು ಓಡುವಾಗ ವಿಡಿಯೋ ಬರಬಾರದು ಅಂತ. ಕಟ್ಟಿಸಬೇಡಿ.

ಅಂಗಡಿಯಿಂದ ಹೊರಡುವ ಮೊದಲು ಅಲ್ಲೇ ನೋಡಿಕೊಳ್ಳಿ. ನಾಲ್ಕೂ ಸ್ಪೀಕರ್ ಒಂದೊಂದಾಗಿ, ಏರ್‌ಬ್ಯಾಗ್ ದೀಪ ಕೀ ಹಾಕಿದಾಗ ಹತ್ತಿ ಆರುತ್ತಾ, ಇಂಜಿನ್ ರೇಸ್ ಮಾಡಿದಾಗ ಸ್ಪೀಕರಿನಲ್ಲಿ ಕೀಂಯ್ ಅಂತ ಏರುತ್ತಾ. ಏರಿದರೆ ಅರ್ಥ್ ಸರಿ ಇಲ್ಲ, ಅಲ್ಲೇ ಸರಿ ಮಾಡಿಸಿ. ಕೀ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ಲೈನಿನಲ್ಲಿ ಆಂಪಿಯರ್ ಅಳೆದು ತೋರಿಸಲು ಹೇಳಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆಸಿ. ಇನ್ಷೂರೆನ್ಸ್ ರಿನ್ಯೂವಲ್ ಬಂದಾಗ ಎಲೆಕ್ಟ್ರಿಕಲ್ ಆಕ್ಸೆಸರಿ ಕಾಲಮ್ಮಿನಲ್ಲಿ ಅದರ ಬೆಲೆ ತೋರಿಸಿ. ತೋರಿಸದಿದ್ದರೆ ಅಪಘಾತವಾದಾಗ, ಕಳುವಾದಾಗ ಆ ಸೆಟ್ಟಿನ ದುಡ್ಡು ಕೇಳಲಿಕ್ಕೆ ಬರುವುದಿಲ್ಲ. ಹಳೆ ಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಕಪ್ಲರ್ ಕತ್ತರಿಸದೆ ಹಾಕಿಸಿದ್ದರೆ ಅದನ್ನು ಎಂದು ಬೇಕಾದರೂ ವಾಪಸ್ ಕೂರಿಸಬಹುದು.